ಕಾನ್ರಾಡ್ ಫೈಟ್ ಸಿನಿಮಾಗಳಲ್ಲಿ ಮೊದಲು ಯಾವುದು ನೋಡಬೇಕು?

ಕಾನ್ರಾಡ್ ಫೈಟ್ ಅನ್ನುವ ಹೆಸರು ನೀವು ಕೇಳಿರದೆ ಇರಬಹುದು. ಮುಖ ಮಾತ್ರ ಎಲ್ಲೋ ನೋಡಿರುತ್ತೀರಿ. ‘ಕಾಸಾಬ್ಲಾಂಕಾ’ದಲ್ಲಿ ವಿಮಾನದಿಂದ ಇಳಿದು ಬರುವ ಜರ್ಮನ್ ಅಧಿಕಾರಿ ಮೇಜರ್ ಸ್ಟ್ರಾಸರ್ ಇದ್ದಾನಲ್ಲ, ಅದು ಅವರೇ. ಬ್ಯಾಟ್‌ಮನ್ ಕಾಮಿಕ್ಸಿನ ಜೋಕರ್‌ಗೆ ಆ ಅಗಲ ನಗು ಬಂದದ್ದು ಅವರ ಒಂದು ಪಾತ್ರದಿಂದ. ಮಕ್ಕಳು ನೋಡುವ ‘ಅಲ್ಲಾದೀನ್’ ಕಾರ್ಟೂನ್ ಸಿನಿಮಾದ ಜಾಫರ್ ಕೂಡ ಅವರ ಇನ್ನೊಂದು ಪಾತ್ರದ ನೆರಳು. ಇಂಗ್ಲಿಷಿನವರು ಹೆಸರನ್ನು ‘ವೈಟ್’ ಅಂತಲೂ ಹೇಳುತ್ತಾರೆ. ಜರ್ಮನ್ ಉಚ್ಚಾರ ‘ಫೈಟ್’.

ಅವರು ಮಾಡಿದ್ದು ನೂರಕ್ಕೂ ಹೆಚ್ಚು ಸಿನಿಮಾ. ಮೂಕಿ ಇವೆ, ಟಾಕಿ ಇವೆ. ಜರ್ಮನಿಯವು, ಬ್ರಿಟನ್ನಿನವು, ಹಾಲಿವುಡ್‌ನವು ಎಲ್ಲ ಇವೆ. ಹೀಗಿರುವಾಗ ಎಲ್ಲಿಂದ ಶುರು ಮಾಡೋದು? ನಾನು ಎಲ್ಲರ ಹಾಗೆ ‘ಕಾಸಾಬ್ಲಾಂಕಾ’ದಿಂದ ಶುರು ಮಾಡಿದೆ. ಅದರಿಂದ ವರ್ಷಗಟ್ಟಲೆ ಅವರನ್ನು ಒಬ್ಬ ಬಿಗಿ ಮುಖದ ಖಳನಟ ಅಂದುಕೊಂಡಿದ್ದೆ. ಆಮೇಲೆ ಒಂದು ರಾತ್ರಿ ‘ದಿ ಮ್ಯಾನ್ ಹೂ ಲಾಫ್ಸ್’ ನೋಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಕಣ್ಣು ತುಂಬಿತ್ತು. ಇಬ್ಬರೂ ಒಬ್ಬರೇ ಅಂತ ನಂಬಲಿಕ್ಕೇ ಆಗಲಿಲ್ಲ. ಅದಕ್ಕೇ ಈ ಬರಹ. ನಿಮ್ಮ ಹತ್ತಿರ ಎಷ್ಟು ಹೊತ್ತಿದೆ, ಯಾರ ಜೊತೆ ಕೂತು ನೋಡುತ್ತೀರಿ, ಮೂಕಿ ಸಿನಿಮಾ ನೋಡುವ ತಾಳ್ಮೆ ಇದೆಯಾ, ಇವನ್ನೆಲ್ಲ ನೋಡಿಕೊಂಡು ಆಯ್ದುಕೊಳ್ಳಿ. ನನ್ನ ಮಟ್ಟಿಗೆ ಒಂದು ಮಾತು ಖಚಿತ. ‘ಕಾಸಾಬ್ಲಾಂಕಾ’ ಕೊನೆಗೆ ಇರಲಿ.

ಸಿನಿಮಾಗಳಿಗಿಂತ ಮೊದಲು ಮನುಷ್ಯ

ಫೈಟ್ ಹುಟ್ಟಿದ್ದು ಬರ್ಲಿನ್‌ನಲ್ಲಿ, 1893ರ ಜನವರಿ 22ರಂದು. ಅಪ್ಪ ಸೈನ್ಯದಲ್ಲಿದ್ದು ಆಮೇಲೆ ಸರ್ಕಾರಿ ನೌಕರಿಗೆ ಬಂದವರು, ತುಂಬ ಕಟ್ಟುನಿಟ್ಟು. ಅಪ್ಪನಿಗೆ ಹೃದಯದ ಕಾಯಿಲೆ ಬಂತು. ಆಪರೇಷನ್ ಮಾಡಿದ ವೈದ್ಯರು ಆ ಮನೆಯವರ ಕೈಲಾದಷ್ಟು ಮಾತ್ರ ಹಣ ತೆಗೆದುಕೊಂಡರು. ಅದನ್ನು ನೋಡಿದ ಹುಡುಗನಿಗೆ ತಾನೂ ಸರ್ಜನ್ ಆಗಬೇಕು ಅನ್ನಿಸಿತು. ಆದರೆ ಓದು ಹತ್ತಲಿಲ್ಲ. 1912ರಲ್ಲಿ ಶಾಲೆ ಬಿಡುವಾಗ ತರಗತಿಯ 13 ಜನರಲ್ಲಿ 13ನೆಯವರು.

ನಾಟಕ ಮಾತ್ರ ಹತ್ತಿತು. ಆಗ ಬರ್ಲಿನ್‌ನ ಡಾಯ್ಚಸ್ ಥಿಯೇಟರನ್ನು ನಡೆಸುತ್ತಿದ್ದವರು ಮ್ಯಾಕ್ಸ್ ರೈನ್‌ಹಾರ್ಟ್. ಜರ್ಮನ್ ರಂಗಭೂಮಿಯಲ್ಲಿ ಅವರನ್ನು ಮೀರಿಸಿದ ನಿರ್ದೇಶಕ ಆಗ ಇನ್ನೊಬ್ಬರಿರಲಿಲ್ಲ. ಫೈಟ್ ಅಲ್ಲಿ ನಾಟಕ ನೋಡುತ್ತಾ, ಬಾಗಿಲ ಹತ್ತಿರ ಸುಳಿದಾಡುತ್ತಾ ಇದ್ದರು. ಬಾಗಿಲು ಕಾಯುವವನಿಗೆ ಈ ಹುಡುಗನ ಮೇಲೆ ಕನಿಕರ ಬಂದು ಒಬ್ಬ ನಟನಾ ಮೇಷ್ಟ್ರ ಪರಿಚಯ ಮಾಡಿಸಿದ. ಕೆಲವು ಪಾಠ ಆದಮೇಲೆ ರೈನ್‌ಹಾರ್ಟ್ ಮುಂದೆ ಗೊಯೆಟೆಯ ‘ಫೌಸ್ಟ್’ನ ಮಾತುಗಳನ್ನು ಹೇಳುವ ಅವಕಾಶ ಸಿಕ್ಕಿತು. ರೈನ್‌ಹಾರ್ಟ್ ಅಷ್ಟು ಹೊತ್ತೂ ಕಿಟಕಿಯಾಚೆ ನೋಡುತ್ತಾ ಕೂತಿದ್ದರಂತೆ. ಆದರೂ ಕೆಲಸ ಕೊಟ್ಟರು. ತಿಂಗಳಿಗೆ 50 ಮಾರ್ಕ್, ಗುಂಪಿನಲ್ಲಿ ನಿಲ್ಲುವ ಪಾತ್ರಗಳು.

ಇದು 1913. ಮರುವರ್ಷವೇ ಮೊದಲ ಮಹಾಯುದ್ಧ. ಫೈಟ್ ಸೈನ್ಯ ಸೇರಿ ಪೂರ್ವದ ರಣರಂಗಕ್ಕೆ ಹೋದರು. ಅಲ್ಲಿ ಕಾಮಾಲೆ, ನ್ಯುಮೋನಿಯಾ ಎರಡೂ ಹಿಡಿದವು. ಆಸ್ಪತ್ರೆಯಿಂದ ಬಂದಮೇಲೆ ಸೈನಿಕರಿಗಾಗಿ ನಡೆಯುತ್ತಿದ್ದ ನಾಟಕ ತಂಡಕ್ಕೆ ಸೇರಿಸಿದರು. ಅವರ ನಿಜವಾದ ಕಲಿಕೆ ಆದದ್ದು ಅಲ್ಲೇ ಅಂತ ನನ್ನ ನಂಬಿಕೆ. ಸೇನೆಯಿಂದ ಬಿಡುಗಡೆ ಸಿಕ್ಕಿದ ಮೇಲೆ, 1917ರಲ್ಲಿ, ಮತ್ತೆ ರೈನ್‌ಹಾರ್ಟ್ ಹತ್ತಿರ ಬಂದರು. ಆ ರಂಗಮಂದಿರದಲ್ಲಿ ಆಗ ಎಂಥೆಂಥವರಿದ್ದರು ನೋಡಿ. ವೆರ್ನರ್ ಕ್ರಾಸ್, ಎಮಿಲ್ ಯಾನಿಂಗ್ಸ್. ಮುಂದೆ ದೊಡ್ಡ ನಿರ್ದೇಶಕರಾದ ಮುರ್ನೌ, ಲುಬಿಚ್ ಕೂಡ ಅದೇ ರಂಗದ ಮೇಲೆ ನಟರಾಗಿ ನಿಂತವರು. ಕತ್ತಲು ಮತ್ತು ಬೆಳಕನ್ನು ನಟನಷ್ಟೇ ಮುಖ್ಯವಾಗಿ ಬಳಸುವುದು ರೈನ್‌ಹಾರ್ಟ್ ರೂಢಿ. ಮುಂದಿನ ಹತ್ತು ವರ್ಷದ ಜರ್ಮನ್ ಮೂಕಿ ಸಿನಿಮಾಗಳಲ್ಲಿ ಆ ರೂಢಿ ಎದ್ದು ಕಾಣುತ್ತದೆ.

ಕ್ಯಾಲಿಗರಿಯೋ, ನಗುವ ಮನುಷ್ಯನೋ?

ಮೂಕಿಯಿಂದ ಶುರು ಮಾಡುವ ಮನಸ್ಸಿದ್ದರೆ ನಿಮ್ಮ ಮುಂದೆ ಮುಖ್ಯವಾಗಿ ಎರಡು ದಾರಿ ಇವೆ. ಒಂದು 1920ರ ‘ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’. ಇನ್ನೊಂದು 1928ರ ‘ದಿ ಮ್ಯಾನ್ ಹೂ ಲಾಫ್ಸ್’.

‘ಕ್ಯಾಲಿಗರಿ’ ಸಿನಿಮಾ ಇತಿಹಾಸದ ಪುಸ್ತಕಗಳಲ್ಲಿ ತಪ್ಪದೆ ಬರುತ್ತದೆ. ರಾಬರ್ಟ್ ವೀನೆ ನಿರ್ದೇಶನ. ಜಾತ್ರೆಗೆ ಬಂದ ಒಬ್ಬ ಮುದುಕ ಒಂದು ಪೆಟ್ಟಿಗೆ ತೆರೆಯುತ್ತಾನೆ. ಒಳಗೆ ನಿದ್ದೆಯಲ್ಲೇ ಬದುಕುವ ಚೆಸಾರೆ ಇದ್ದಾನೆ. ಕೇಳಿದ ಪ್ರಶ್ನೆಗೆಲ್ಲ ಭವಿಷ್ಯ ಹೇಳುತ್ತಾನೆ. ಊರಲ್ಲಿ ಕೊಲೆಗಳು ಶುರುವಾಗುತ್ತವೆ. ಆ ಊರೇ ವಿಚಿತ್ರ. ಗೋಡೆಗಳು ಓರೆ, ಕಿಟಕಿಗಳು ಸೊಟ್ಟ, ನೆರಳುಗಳನ್ನೂ ಬಣ್ಣದಲ್ಲಿ ಬರೆದುಬಿಟ್ಟಿದ್ದಾರೆ. ಇಂಥ ಸೆಟ್ ಮುಂದೆ ಮಾಮೂಲಿ ನಟ ನಿಂತರೆ ಪರದೆ ಮುಂದೆ ದಾರಿಹೋಕ ನಿಂತ ಹಾಗೆ ಕಾಣುತ್ತದೆ. ಫೈಟ್ ಮಾತ್ರ ಆ ಗೋಡೆಯಿಂದಲೇ ಎದ್ದು ಬಂದ ಹಾಗಿದ್ದಾರೆ. ಮೈಗಂಟಿದ ಕಪ್ಪು ಉಡುಪು, ಸುಣ್ಣದಂಥ ಮುಖ, ಕಣ್ಣ ಸುತ್ತ ಮಸಿ. ಒಂದು ಕೈ ಎತ್ತಿ ಗೋಡೆಗೆ ಸವರಿಕೊಂಡೇ ನಡೆಯುತ್ತಾರೆ. ಪೆಟ್ಟಿಗೆ ತೆರೆದಾಗ ಅವರ ಕಣ್ಣು ನಿಧಾನಕ್ಕೆ ಬಿಚ್ಚಿಕೊಳ್ಳುವ ಕ್ಲೋಸಪ್ ಒಂದಿದೆ. ನೂರು ವರ್ಷ ದಾಟಿದೆ, ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

ಸಿನಿಮಾ ಒಂದೂಕಾಲು ಗಂಟೆ ಅಷ್ಟೇ. ಭಯದ ಕಥೆ ಇಷ್ಟಪಡುವವರಿಗೆ, ಚಿತ್ರಕಲೆ ಅಥವಾ ಸೆಟ್ ವಿನ್ಯಾಸದಲ್ಲಿ ಆಸಕ್ತಿ ಇರುವವರಿಗೆ ಇದೇ ಸರಿ. ಆದರೆ ಫೈಟ್ ಅವರನ್ನು ತಿಳಿಯಲು ಇದು ಮೊದಲ ಆಯ್ಕೆ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಚೆಸಾರೆ ತೆರೆಯ ಮೇಲೆ ಇರುವ ಹೊತ್ತು ಕಡಿಮೆ. ಅವನಿಗೆ ಸ್ವಂತ ಮನಸ್ಸೇ ಇಲ್ಲ, ಇನ್ನೊಬ್ಬ ಹೇಳಿದ ಹಾಗೆ ನಡೆಯುವವನು. ಅಲ್ಲಿ ಕಾಣುವುದು ಫೈಟ್ ಅವರ ಮೈ. ಮನಸ್ಸು ಕಾಣಬೇಕಾದರೆ ಇನ್ನೊಂದು ಸಿನಿಮಾಕ್ಕೇ ಹೋಗಬೇಕು.

‘ದಿ ಮ್ಯಾನ್ ಹೂ ಲಾಫ್ಸ್’ ಹಾಲಿವುಡ್‌ನ ಯೂನಿವರ್ಸಲ್ ಸಂಸ್ಥೆಯ ಸಿನಿಮಾ. ವಿಕ್ಟರ್ ಹ್ಯೂಗೋ ಕಾದಂಬರಿ ಅದಕ್ಕೆ ಮೂಲ. ನಿರ್ದೇಶಕ ಪಾಲ್ ಲೆನಿ ಕೂಡ ಜರ್ಮನ್ನರೇ. 1924ರ ‘ವ್ಯಾಕ್ಸ್‌ವರ್ಕ್ಸ್’ನಲ್ಲಿ ಫೈಟ್ ಅವರಿಂದ ರಷ್ಯಾದ ಕ್ರೂರ ದೊರೆ ಇವಾನನ ಪಾತ್ರ ಮಾಡಿಸಿದ್ದವರು ಇವರೇ. ಕಥೆ ಶುರುವಾಗುವುದು 17ನೇ ಶತಮಾನದ ಕೊನೆಯ ಇಂಗ್ಲೆಂಡಿನಲ್ಲಿ. ದೊರೆಗೆ ಎದುರು ನಿಂತ ಒಬ್ಬ ಶ್ರೀಮಂತನ ಮಗುವನ್ನು ಹಿಡಿದು, ಅವನ ಬಾಯಿಯನ್ನು ಕೊಯ್ದು, ಮುಖದ ಮೇಲೆ ಎಂದೂ ಅಳಿಯದ ನಗು ಮಾಡಿಬಿಡುತ್ತಾರೆ. ಆ ಮಗು ಗ್ವಿನ್‌ಪ್ಲೇನ್. ಬೆಳೆದು ಜಾತ್ರೆಯ ಆಟಗಾರನಾಗುತ್ತಾನೆ. ಜನ ಅವನ ಮುಖ ನೋಡಿ ನಗಲಿಕ್ಕೆ ದುಡ್ಡು ಕೊಟ್ಟು ಬರುತ್ತಾರೆ. ಅವನನ್ನು ಪ್ರೀತಿಸುವ ಹುಡುಗಿ ಡೇಯಾ ಕುರುಡಿ. ಅವಳಿಗೆ ಆ ಮುಖ ಕಾಣದು. ಅವನಿಗೆ ಇರುವ ನೆಮ್ಮದಿ ಅದೊಂದೇ, ಅವನ ದೊಡ್ಡ ಭಯವೂ ಅದೇ.

ಈಗ ನಟನ ಕಷ್ಟ ಯೋಚಿಸಿ. ಬಾಯೊಳಗೆ ಕೃತಕ ಹಲ್ಲಿನ ಸೆಟ್. ಅದರ ಕೊಕ್ಕೆಗಳು ತುಟಿಯ ಎರಡೂ ತುದಿಯನ್ನು ಹಿಂದಕ್ಕೆ ಎಳೆದು ಹಿಡಿದಿವೆ. ಅದನ್ನು ಹಾಕಿಕೊಂಡರೆ ಮಾತು ಬಾರದು. ತುಟಿ ಅಲ್ಲಾಡದು. ಮುಖದ ಅರ್ಧ ಭಾಗ ನಟನೆಗೆ ಸಿಗುವುದೇ ಇಲ್ಲ. ಉಳಿದದ್ದು ಕಣ್ಣು, ಹುಬ್ಬು, ಹಣೆ. ಅಷ್ಟರಲ್ಲೇ ನಾಚಿಕೆ, ಆಸೆ, ಅವಮಾನ, ಸಿಟ್ಟು ಎಲ್ಲ ಬರಬೇಕು. ಬಾಯಿ ನಗುತ್ತಿದೆ, ಕಣ್ಣು ಅಳುತ್ತಿದೆ. ಎರಡೂ ಒಂದೇ ಮುಖದಲ್ಲಿ, ಒಂದೇ ಹೊತ್ತಿಗೆ! ಆಗಾಗ ಅವನು ಬಟ್ಟೆಯಿಂದಲೋ ಕೈಯಿಂದಲೋ ಬಾಯಿ ಮುಚ್ಚಿಕೊಳ್ಳುತ್ತಾನೆ. ಆಗ ಸಿನಿಮಾ ನಿಲ್ಲಿಸಿ ಆ ಕಣ್ಣುಗಳನ್ನೇ ನೋಡಿ. ಅದೆಷ್ಟು ಚೆಂದದ ಮುಖ ಅಂತ ಆಗ ಗೊತ್ತಾಗುತ್ತದೆ. ಹಾಳು ಮಾಡಿದವರ ಮೇಲೆ ಸಿಟ್ಟೂ ಬರುತ್ತದೆ.

ಇನ್ನೊಂದು ದೃಶ್ಯ ಇದೆ. ಗ್ವಿನ್‌ಪ್ಲೇನ್ ಶ್ರೀಮಂತರ ಸಭೆಯಲ್ಲಿ ನಿಂತು ಗಂಭೀರವಾಗಿ ಮಾತಾಡಬೇಕು. ಅವನ ಮುಖ ನೋಡಿ ಕೆಲವರಿಗೆ ನಗು, ಕೆಲವರಿಗೆ ಅವಮಾನ ಆದಂತೆ ಸಿಟ್ಟು. ದೈಹಿಕ ಊನ ಇರುವವರನ್ನು ನಾವು ಹೇಗೆ ನೋಡುತ್ತೇವೆ ಅನ್ನುವುದರ ಬಗ್ಗೆ ನಾನು ಕಂಡ ಸಿನಿಮಾಗಳಲ್ಲಿ ಇಷ್ಟು ತಾಗಿದ್ದು ಬೇರೆ ಇಲ್ಲ. ಜೋಕರ್ ಸೃಷ್ಟಿಸಿದವರು 1940ರಲ್ಲಿ ಈ ಮುಖದ ಫೋಟೋ ಮುಂದಿಟ್ಟುಕೊಂಡರು, ನಿಜ. ಆದರೆ ಗ್ವಿನ್‌ಪ್ಲೇನ್ ಕೆಟ್ಟವನಲ್ಲ. ಅವನು ಯಾರಿಗೂ ನೋವು ಮಾಡಿದವನಲ್ಲ. ಜೋಕರ್ ಮೂಲ ಅಂತ ಹುಡುಕಿಕೊಂಡು ಬಂದವರು ಇದನ್ನು ಮನಸ್ಸಲ್ಲಿಟ್ಟುಕೊಂಡು ನೋಡಿ.

ಇದು ಸುಮಾರು 110 ನಿಮಿಷ. ಮೂಕಿಯಾದರೂ ಸಂಗೀತ ಮತ್ತು ಕೆಲವು ಸದ್ದುಗಳನ್ನು ಆಗಲೇ ಸೇರಿಸಿದ್ದರು. ಮೂಕಿ ಸಿನಿಮಾ ಎಂದೂ ನೋಡದವರಿಗೂ ಕಷ್ಟವಾಗದು. ಕಥೆ ಕೈ ಹಿಡಿದು ನಡೆಸುತ್ತದೆ. ಕೊನೆ ಮಾತ್ರ ಹ್ಯೂಗೋ ಬರೆದ ಹಾಗಿಲ್ಲ, ಮೃದು ಮಾಡಿದ್ದಾರೆ. ಎರಡರಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಕಣ್ಣುಮುಚ್ಚಿ ಇದನ್ನೇ ಕೈಗೆತ್ತಿಕೊಳ್ಳುತ್ತೇನೆ.

ಪಿಯಾನೋ ಮತ್ತು ಪಿಟೀಲು

ಫೈಟ್ ಮಾಡಿದ ಸಂಗೀತಗಾರರ ಪಾತ್ರಗಳಲ್ಲಿ ಎರಡನ್ನು ಇಲ್ಲಿ ಹೇಳುತ್ತೇನೆ. ಎರಡೂ ಮೂಕಿ. ಸಂಗೀತ ಕೇಳಿಸದ ಸಂಗೀತಗಾರರು.

1924ರ ‘ದಿ ಹ್ಯಾಂಡ್ಸ್ ಆಫ್ ಓರ್ಲಾಕ್’ ವಿಯೆನ್ನಾದ ಸಂಸ್ಥೆಯೊಂದು ಮಾಡಿದ್ದು. ನಿರ್ದೇಶಕ ಮತ್ತೆ ವೀನೆ. ಪಿಯಾನೋ ವಾದಕ ಓರ್ಲಾಕ್ ರೈಲು ಅಪಘಾತದಲ್ಲಿ ಕೈ ಕಳೆದುಕೊಳ್ಳುತ್ತಾನೆ. ಮರಣದಂಡನೆಯಾದ ಕೊಲೆಗಾರನೊಬ್ಬನ ಕೈಗಳನ್ನು ವೈದ್ಯರು ಜೋಡಿಸುತ್ತಾರೆ. ಅದು ತಿಳಿದ ಮೇಲೆ ಓರ್ಲಾಕ್ ತನ್ನ ಕೈಗಳನ್ನೇ ಹೆದರಿ ನೋಡುತ್ತಾನೆ. ಆ ಕೈಗಳು ಬೇರೆಯವರದು ಅಂತ ನಮಗೂ ಅನ್ನಿಸುವ ಹಾಗೆ ಫೈಟ್ ನಡೆದುಕೊಳ್ಳುತ್ತಾರೆ. ಉದ್ದ ಬೆರಳುಗಳು ಮೈಯಿಂದ ದೂರ ನಿಂತು ಅವರನ್ನು ಎಳೆದುಕೊಂಡು ಹೋಗುತ್ತವೆ. ನಟನೆ ಕಲಿಯುವವರು ಇದನ್ನು ಬಿಡಬಾರದು. ಆದರೆ ಸಿನಿಮಾ ನಿಧಾನ. ಒಂದೊಂದು ಭಾವವನ್ನೂ ಹಿಂಜಿ ಹಿಂಜಿ ತೋರಿಸುತ್ತಾರೆ. ಸಾಮಾನ್ಯ ನೋಡುಗರಿಗೆ ಇದು ಮೂರನೆಯದೋ ನಾಲ್ಕನೆಯದೋ ಆಗಲಿ.

ಪಿಟೀಲಿನವನ ಕಥೆ ಬೇರೆ. 1919ರ ‘ಡಿಫರೆಂಟ್ ಫ್ರಮ್ ದಿ ಅದರ್ಸ್’. ಗಂಡಸು ಗಂಡಸನ್ನು ಪ್ರೀತಿಸುವುದು ಆಗ ಜರ್ಮನಿಯಲ್ಲಿ ದಂಡಸಂಹಿತೆಯ 175ನೇ ವಿಧಿ ಪ್ರಕಾರ ಅಪರಾಧ. ಫೈಟ್ ಇಲ್ಲಿ ಪೌಲ್ ಕೋರ್ನರ್ ಎಂಬ ಪಿಟೀಲು ವಾದಕ. ಅವನ ಪ್ರೀತಿ ಒಬ್ಬ ದುಡ್ಡಿನಾಸೆಯವನಿಗೆ ಗೊತ್ತಾಗಿ, ಅವನು ಹೆದರಿಸಿ ಹೆದರಿಸಿ ಹಣ ಕೀಳುತ್ತಾನೆ. ನಿರ್ದೇಶಕ ರಿಚರ್ಡ್ ಓಸ್ವಾಲ್ಟ್. ಜೊತೆಗೆ ಕೆಲಸ ಮಾಡಿದವರು ವೈದ್ಯ ಮಾಗ್ನುಸ್ ಹಿರ್ಷ್‌ಫೆಲ್ಟ್. ಸಿನಿಮಾದಲ್ಲಿ ಅವರೇ ವೈದ್ಯರಾಗಿ ಬಂದು, ಇದು ರೋಗವೂ ಅಲ್ಲ ಅಪರಾಧವೂ ಅಲ್ಲ ಅಂತ ಬಿಡಿಸಿ ಹೇಳುತ್ತಾರೆ. 1919ರಲ್ಲಿ! ಮರುವರ್ಷ ಸಾರ್ವಜನಿಕ ಪ್ರದರ್ಶನ ನಿಷೇಧವಾಯಿತು. ಮುಂದೆ ನಾಜಿಗಳ ಕಾಲದಲ್ಲಿ ಪ್ರತಿಗಳು ನಾಶವಾದವು. ಈಗ ಉಳಿದಿರುವುದು ತುಂಡು ತುಂಡು. ಫೋಟೋ ಮತ್ತು ಬರಹ ಸೇರಿಸಿ ಸುಮಾರು 50 ನಿಮಿಷಕ್ಕೆ ಕೂಡಿಸಿದ್ದಾರೆ.

ಕಲೆಯ ಲೆಕ್ಕದಲ್ಲಿ ಇದು ಅವರ ದೊಡ್ಡ ಸಿನಿಮಾ ಅಲ್ಲ. ಧೈರ್ಯದ ಲೆಕ್ಕದಲ್ಲಿ ಇದರ ಮುಂದೆ ಬೇರೆ ಇಲ್ಲ. ಆಗಷ್ಟೇ ಹೆಸರು ಮಾಡುತ್ತಿದ್ದ 26 ವರ್ಷದ ನಟ ಇಂಥ ಪಾತ್ರ ಒಪ್ಪಿಕೊಂಡರು. ಜರ್ಮನಿಯಲ್ಲಿ 175ನೇ ವಿಧಿ ಪೂರ್ತಿ ಹೋದದ್ದು 1994ರಲ್ಲಿ. ನಮ್ಮಲ್ಲಿ 377ನೇ ಸೆಕ್ಷನ್ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2018ರಲ್ಲಿ. ಈ ವರ್ಷಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಆ ಸಿನಿಮಾ ಎಷ್ಟು ಮುಂದೆ ಇತ್ತು ಅಂತ ತಿಳಿಯುತ್ತದೆ. ಈ ವಿಷಯ ನಿಮಗೆ ಹತ್ತಿರದ್ದಾಗಿದ್ದರೆ, ಬೇರೆಲ್ಲ ಬಿಟ್ಟು ಇದರಿಂದಲೇ ಶುರು ಮಾಡಿ.

ನಡುವೆ ‘ದಿ ಇಂಡಿಯನ್ ಟೂಂಬ್’ ಬಗ್ಗೆ ಒಂದೆರಡು ಮಾತು. ಭಾರತದ ಕಥೆ ಅಂತ ಆಸೆಯಿಂದ ಹುಡುಕುವವರು ಇರುತ್ತಾರೆ. 1921ರ ಈ ಎರಡು ಭಾಗದ ಸಿನಿಮಾದಲ್ಲಿ ಫೈಟ್ ಒಬ್ಬ ಮಹಾರಾಜ. ಮೂರು ಗಂಟೆಗೂ ಜಾಸ್ತಿ ಉದ್ದ. ಬರ್ಲಿನ್ ಪಕ್ಕದ ವೋಲ್ಟರ್ಸ್‌ಡಾರ್ಫ್‌ನಲ್ಲಿ ಸೆಟ್ ಹಾಕಿ ತೆಗೆದದ್ದು. ಯೋಗಿ, ಹುಲಿ, ಮೊಸಳೆ, ಗೋರಿ ಎಲ್ಲ ಇವೆ, ಭಾರತ ಮಾತ್ರ ಇಲ್ಲ. ಫೈಟ್ ನಿಂತ ಭಂಗಿಗಳು ಚೆಂದ. ಅವರ ಬೇರೆ ಸಿನಿಮಾ ಎಲ್ಲ ಮುಗಿದ ಮೇಲೆ ನೋಡಿದರೆ ಸಾಕು.

ಹೆಸರು ಒಂದೇ, ಸಿನಿಮಾ ಬೇರೆ

ಟಾಕಿ ಬಂದಾಗ ಫೈಟ್ ಹಾಲಿವುಡ್ ಬಿಟ್ಟು ಜರ್ಮನಿಗೆ ವಾಪಸ್ಸಾದರು. 1931ರ ‘ಕಾಂಗ್ರೆಸ್ ಡ್ಯಾನ್ಸಸ್’ನಲ್ಲಿ ಆಸ್ಟ್ರಿಯಾದ ಮಂತ್ರಿ ಮೆಟರ್ನಿಕ್ ಆಗಿ ಹೆಸರು ಮಾಡಿದರು. 1933ರಲ್ಲಿ ಹಿಟ್ಲರ್ ಬಂದ. ಅದೇ ವರ್ಷ ಫೈಟ್ ಲಿಲಿ ಪ್ರಾಗರ್ ಎಂಬ ಯಹೂದಿ ಮಹಿಳೆಯನ್ನು ಮದುವೆಯಾದರು. ಸಿನಿಮಾದಲ್ಲಿ ಕೆಲಸ ಮಾಡುವವರೆಲ್ಲ ತಮ್ಮ ಜನಾಂಗ ಯಾವುದು ಅಂತ ಫಾರಂ ತುಂಬಬೇಕಿತ್ತು. ಫೈಟ್ ಯಹೂದಿ ಅಲ್ಲ, ಪ್ರಾಟೆಸ್ಟೆಂಟ್ ಮನೆಯಲ್ಲಿ ಹುಟ್ಟಿದವರು. ಆದರೂ ‘ಯಹೂದಿ’ ಅಂತ ಬರೆದು ಕೊಟ್ಟರು. ಆಮೇಲೆ ಗಂಡ ಹೆಂಡತಿ ಇಂಗ್ಲೆಂಡಿಗೆ ಹೊರಟುಹೋದರು. 1939ರಲ್ಲಿ ಬ್ರಿಟಿಷ್ ಪ್ರಜೆಯಾದರು.

ಅದರ ಬೆಲೆ ಎಷ್ಟು ಅಂತ ತಿಳಿಯಲು ಜೊತೆಯವರನ್ನು ನೋಡಿ. ಎಮಿಲ್ ಯಾನಿಂಗ್ಸ್ ಮೊದಲ ಆಸ್ಕರ್ ಪಡೆದ ನಟ, ಫೈಟ್ ಅವರ ಮೊದಲ ಹೆಂಡತಿ ಗುಸ್ಸಿ ಹೋಲ್ ಆಮೇಲೆ ಮದುವೆಯಾದದ್ದು ಅವರನ್ನೇ. ಯಾನಿಂಗ್ಸ್ ಜರ್ಮನಿಯಲ್ಲೇ ಉಳಿದು ನಾಜಿ ಪ್ರಚಾರದ ಸಿನಿಮಾಗಳಲ್ಲಿ ನಟಿಸಿದರು. ‘ಕ್ಯಾಲಿಗರಿ’ಯಲ್ಲಿ ಡಾಕ್ಟರ್ ಆಗಿದ್ದ ವೆರ್ನರ್ ಕ್ರಾಸ್ 1940ರ ‘ಯೂದ್ ಸೂಸ್’ನಲ್ಲಿ ಯಹೂದಿಗಳನ್ನು ಹೀನವಾಗಿ ತೋರಿಸುವ ಹಲವು ಪಾತ್ರ ಹಾಕಿದರು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. 1934ರಲ್ಲಿ ಫೈಟ್ ಬ್ರಿಟನ್ನಿನಲ್ಲಿ ‘ಜ್ಯೂ ಸೂಸ್’ ಅನ್ನುವ ಸಿನಿಮಾ ಮಾಡಿದರು. ಯಹೂದಿಗಳ ಮೇಲಿನ ದ್ವೇಷವನ್ನು ಖಂಡಿಸುವ ಸಿನಿಮಾ ಅದು. ನಾಜಿಗಳು 1940ರಲ್ಲಿ ಸೂಸ್ ಎಂಬ ಅದೇ ಐತಿಹಾಸಿಕ ವ್ಯಕ್ತಿಯನ್ನು ಹಿಡಿದು, ಅದೇ ಹೆಸರಿಟ್ಟು, ಅದಕ್ಕೆ ತದ್ವಿರುದ್ಧದ ವಿಷ ತುಂಬಿದರು. ಹುಡುಕುವಾಗ ಎರಡೂ ಸಿಗುತ್ತವೆ. ವರ್ಷ ಮತ್ತು ನಟನ ಹೆಸರು ನೋಡದೆ ಒತ್ತಬೇಡಿ. ಫೈಟ್ ಇರುವುದು 1934ರದ್ದು. ನಿಜ ಹೇಳಬೇಕಂದರೆ ಸಿನಿಮಾವಾಗಿ ಅದು ಸ್ವಲ್ಪ ಭಾರ, ಉಡುಪು ಜಾಸ್ತಿ ವೇಗ ಕಡಿಮೆ. ಆ ಮನುಷ್ಯನ ನಿಲುವು ಅರ್ಥವಾಗಬೇಕಾದವರು ನೋಡಿ.

ಅದೇ ವರ್ಷ ಇನ್ನೊಂದು ಸಿನಿಮಾದ ಕೆಲಸಕ್ಕೆ ಜರ್ಮನಿಗೆ ಹೋದಾಗ ಅಲ್ಲಿನವರು ಅವರನ್ನು ವಾಪಸ್ ಬಿಡಲಿಲ್ಲ. ಹುಷಾರಿಲ್ಲ, ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ ಅಂತ ನೆಪ ಹೇಳಿದರು. ಲಂಡನ್ನಿನ ಸಿನಿಮಾ ಸಂಸ್ಥೆ ತನ್ನದೇ ವೈದ್ಯರನ್ನು ಕಳಿಸಿದ ಮೇಲೆ ಬಿಟ್ಟರು.

ಮನೆಮಂದಿ ಜೊತೆಗಾದರೆ ಬಾಗ್ದಾದ್

ಮನೆಯಲ್ಲಿ ಮಕ್ಕಳಿದ್ದಾರೆ, ಅಜ್ಜಿ ತಾತ ಇದ್ದಾರೆ, ಎಲ್ಲರೂ ಒಟ್ಟಿಗೆ ಕೂತು ನೋಡಬೇಕು ಅಂದರೆ ಯೋಚನೆಯೇ ಬೇಡ. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಹಾಕಿ. ಟೆಕ್ನಿಕಲರ್ ಬಣ್ಣ, ಹಾರುವ ಚಾಪೆ, ಹಾರುವ ಯಂತ್ರದ ಕುದುರೆ, ಸೀಸೆಯಿಂದ ಬರುವ ಬೆಟ್ಟದಂಥ ಜೀನಿ. ಛಾಯಾಗ್ರಹಣ, ಕಲಾ ನಿರ್ದೇಶನ, ಸ್ಪೆಷಲ್ ಎಫೆಕ್ಟ್ ಮೂರಕ್ಕೂ ಆಸ್ಕರ್ ಬಂತು. ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಬ್ರಿಟನ್ನಿನಲ್ಲಿ ಶುರು ಮಾಡಿದ್ದರು. ಯುದ್ಧ ಬಂದದ್ದರಿಂದ ಅಮೆರಿಕದಲ್ಲಿ ಮುಗಿಸಬೇಕಾಯಿತು.

ನಮಗೆ ಇದರಲ್ಲಿ ಇನ್ನೊಂದು ಸಂತೋಷ ಇದೆ. ಪುಟ್ಟ ಕಳ್ಳ ಅಬೂ ಆಗಿ ಇಡೀ ಸಿನಿಮಾವನ್ನು ಹೊತ್ತು ಓಡಾಡುವ ಹುಡುಗ ಸಾಬು. ಅವರು ನಮ್ಮವರು. ಮೈಸೂರು ಸಂಸ್ಥಾನದ ಕಾರಾಪುರದಲ್ಲಿ, ಕಬಿನಿ ಕಡೆಯ ಕಾಡಿನ ಅಂಚಿನಲ್ಲಿ, 1924ರಲ್ಲಿ ಹುಟ್ಟಿದವರು. ತಂದೆ ಮಹಾರಾಜರ ಆನೆಗಳ ಮಾವುತ. ‘ಎಲಿಫೆಂಟ್ ಬಾಯ್’ ಸಿನಿಮಾಕ್ಕೆ ಹುಡುಗನನ್ನು ಹುಡುಕುತ್ತಾ ರಾಬರ್ಟ್ ಫ್ಲಾಹರ್ಟಿ ತಂಡ ಮೈಸೂರಿಗೆ ಬಂದಾಗ ಸಾಬು ಕಣ್ಣಿಗೆ ಬಿದ್ದರು. 1937ರಲ್ಲಿ ಆ ಸಿನಿಮಾ ಬಂತು. ಮೂರೇ ವರ್ಷದಲ್ಲಿ ಬರ್ಲಿನ್‌ನ ರಂಗಮಂದಿರದಿಂದ ಬಂದ ಫೈಟ್ ಎದುರು, ಕಾರಾಪುರದ ಆನೆ ಲಾಯದಿಂದ ಬಂದ ಹುಡುಗ. ಒಬ್ಬರು ನಿಂತಲ್ಲೇ ನಿಂತು ಕಣ್ಣಲ್ಲೇ ಕೊಲ್ಲುತ್ತಾರೆ. ಇನ್ನೊಬ್ಬರು ಒಂದು ಕ್ಷಣ ನಿಲ್ಲುವುದಿಲ್ಲ, ಹಾರುತ್ತಾರೆ, ಜಿಗಿಯುತ್ತಾರೆ, ಬಾಯಿ ತುಂಬ ನಗುತ್ತಾರೆ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಬಂದಾಗ ನನಗೆ ಯಾವಾಗಲೂ ಹೆಮ್ಮೆ.

ಫೈಟ್ ಇಲ್ಲಿ ಮಂತ್ರವಾದಿ ಮಂತ್ರಿ ಜಾಫರ್. ರಾಜನ ಕಣ್ಣು ಕಳೆಯುತ್ತಾನೆ, ಅಬೂನನ್ನು ನಾಯಿ ಮಾಡುತ್ತಾನೆ. ಮಕ್ಕಳು ಹೆದರುತ್ತಾರೆ, ಆದರೆ ಎದ್ದು ಹೋಗುವುದಿಲ್ಲ. ದೊಡ್ಡವರು ನೋಡಬೇಕಾದದ್ದು ಇನ್ನೊಂದಿದೆ. ಜಾಫರ್‌ಗೆ ರಾಜಕುಮಾರಿಯ ಮೇಲೆ ಮನಸ್ಸು. ಮಂತ್ರ ಹಾಕಿ ಒಲಿಸಿಕೊಳ್ಳಬಲ್ಲ. ಆದರೆ ಅವಳು ತಾನಾಗಿ ಒಲಿಯಬೇಕು ಅನ್ನುವ ಆಸೆ. ಅದು ಆಗುವುದಿಲ್ಲ ಅಂತ ಅವನಿಗೂ ಗೊತ್ತು. ಆ ಕ್ಷಣಗಳಲ್ಲಿ ಫೈಟ್ ದನಿ ಮೆತ್ತಗಾಗುತ್ತದೆ. ಖಳನ ಮೇಲೆ ಅಯ್ಯೋ ಅನ್ನಿಸುತ್ತದೆ.

ಸಮವಸ್ತ್ರದ ಪಾತ್ರಗಳು

ಕೊನೆಯ ವರ್ಷಗಳಲ್ಲಿ ಫೈಟ್ ಅವರಿಗೆ ಹೆಚ್ಚಾಗಿ ಜರ್ಮನ್ ಅಧಿಕಾರಿಯ ಪಾತ್ರಗಳೇ ಬಂದವು. ಇವುಗಳಲ್ಲಿ ನನ್ನ ಆಯ್ಕೆ 1939ರ ‘ದಿ ಸ್ಪೈ ಇನ್ ಬ್ಲ್ಯಾಕ್’. ಬ್ರಿಟನ್ನಿನ ಹೆಸರಾಂತ ಸಿನಿಮಾ ಜೋಡಿ ಮೈಕೆಲ್ ಪೊವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಜೊತೆಯಾಗಿ ಮಾಡಿದ ಮೊದಲ ಸಿನಿಮಾ. ಮೊದಲ ಮಹಾಯುದ್ಧದ ಕಾಲ, ಸ್ಕಾಟ್ಲೆಂಡಿನ ಉತ್ತರದ ಓರ್ಕ್ನಿ ದ್ವೀಪಗಳು. ಬ್ರಿಟಿಷ್ ನೌಕಾಪಡೆಯ ಗುಟ್ಟು ಕದಿಯಲು ಬಂದ ಸಬ್‌ಮೆರಿನ್ ಕ್ಯಾಪ್ಟನ್ ಹಾರ್ಟ್ ಆಗಿ ಫೈಟ್. ಶತ್ರುವೇ, ಆದರೆ ಮರ್ಯಾದಸ್ಥ. ಯುದ್ಧದಿಂದ ಬಂದವನಿಗೆ ಊಟದ ಮೇಲೆ, ಬೆಣ್ಣೆಯ ಮೇಲೆ ಎಷ್ಟು ಆಸೆ ಅಂತ ನೋಡಿ. ಅಷ್ಟರಲ್ಲೇ ಅವನು ನಮ್ಮಂಥವನಾಗುತ್ತಾನೆ. 80 ನಿಮಿಷದ ಚುರುಕು ಸಿನಿಮಾ. ಮೂಕಿ ಬೇಡ, ಬಣ್ಣದ ಮಾಯಾಕಥೆಯೂ ಬೇಡ, ಬಿಗಿಯಾದ ಕಥೆ ಸಾಕು ಅನ್ನುವವರು ಇದರಿಂದ ಶುರು ಮಾಡಬಹುದು.

1942ರ ‘ನಾಜಿ ಏಜೆಂಟ್’ನಲ್ಲಿ ಅವಳಿ ಅಣ್ಣತಮ್ಮಂದಿರಾಗಿ ಎರಡು ಪಾತ್ರ, ಒಬ್ಬ ಒಳ್ಳೆಯವನು ಒಬ್ಬ ನಾಜಿ. ಸಾಧಾರಣ ಸಿನಿಮಾ. 1941ರ ‘ಎ ವುಮನ್ಸ್ ಫೇಸ್’ ಅದಕ್ಕಿಂತ ಎಷ್ಟೋ ಮೇಲು. ಸುಟ್ಟ ಮುಖದ ಹೆಣ್ಣಾಗಿ ಜೋನ್ ಕ್ರಾಫರ್ಡ್. ಅವಳ ಮುಖ ನೋಡಿಯೂ ಬೆಚ್ಚದ ಮೊದಲ ಗಂಡಸಾಗಿ ಫೈಟ್. ಗ್ವಿನ್‌ಪ್ಲೇನ್ ನೋಡಿದ ಮೇಲೆ ಇದನ್ನು ನೋಡಿದರೆ ಒಳಗೇನೋ ಕಲಕುತ್ತದೆ.

ಇನ್ನು ‘ಕಾಸಾಬ್ಲಾಂಕಾ’. ಸಿನಿಮಾ ದೊಡ್ಡದು, ಎರಡು ಮಾತಿಲ್ಲ. ಆದರೆ ಫೈಟ್ ಪಾತ್ರ ಚಿಕ್ಕದು, ಒಂದೇ ಬಣ್ಣದ್ದು. ಅವರಿಗೆ ವಾರಕ್ಕೆ 5000 ಡಾಲರ್ ಕೊಟ್ಟರು. ನಾಜಿಗಳನ್ನು ಕಂಡರಾಗದೆ ಊರು ಬಿಟ್ಟವರು ನಾಜಿಯ ವೇಷ ಹಾಕಿದರು. ಆ ಪಾತ್ರದ ಮೇಲೆ ಯಾರಿಗೂ ಪ್ರೀತಿ ಬರದ ಹಾಗೆ ಮಾಡುವುದೇ ಅವರ ಉದ್ದೇಶ. ಸಂಪಾದನೆಯ ದೊಡ್ಡ ಪಾಲನ್ನು ಬ್ರಿಟನ್ನಿನ ಯುದ್ಧನಿಧಿಗೆ ಕಳಿಸುತ್ತಿದ್ದರು. ಇದೆಲ್ಲ ಗೊತ್ತಿಲ್ಲದೆ ನೋಡಿದರೆ ಸ್ಟ್ರಾಸರ್ ಸುಮ್ನೆ ಒಬ್ಬ ಖಳ. ಗೊತ್ತಿದ್ದು ನೋಡಿದರೆ ಅವನ ಒಂದೊಂದು ಬಿಗಿದ ಹೆಜ್ಜೆಯೂ ಬೇರೆ ಕಾಣುತ್ತದೆ.

ನೋಡುವ ಮೊದಲು

ಮೂಕಿ ಸಿನಿಮಾ ನೋಡುವಾಗ ಪ್ರಿಂಟ್ ಬಹಳ ಮುಖ್ಯ. ಆನ್‌ಲೈನಿನಲ್ಲಿ ಪುಕ್ಕಟೆ ಸಿಗುವ ಹಳೆಯ ಪ್ರತಿಗಳು ಮಸುಕು. ಕೆಲವು ತಪ್ಪು ವೇಗದಲ್ಲಿ ಓಡಿ, ಮನುಷ್ಯರು ಬೊಂಬೆಗಳ ಹಾಗೆ ಕುಣಿಯುತ್ತಾರೆ. ಅದನ್ನು ನೋಡಿ ‘ಹಳೇ ಕಾಲದ ನಟನೆ ಇಷ್ಟೇ’ ಅಂದುಕೊಂಡು ಬಿಟ್ಟವರು ಎಷ್ಟೋ ಜನ. ‘ಕ್ಯಾಲಿಗರಿ’ಯನ್ನು 2014ರಲ್ಲಿ ಮೂಲ ನೆಗೆಟಿವ್‌ನಿಂದ ಸರಿಪಡಿಸಿದ ಪ್ರತಿ ಇದೆ, ಅದನ್ನೇ ಹುಡುಕಿ. ಅದರಲ್ಲಿ ದೃಶ್ಯಗಳಿಗೆ ಹಳದಿ, ನೀಲಿ ಛಾಯೆ ಇರುತ್ತದೆ. ಪೂರ್ತಿ ಕಪ್ಪು ಬಿಳುಪಾಗಿದ್ದರೆ ಅದು ಬೇರೆ ಪ್ರತಿ ಅಂತ ತಿಳಿಯಿರಿ. ಕೋಣೆ ಕತ್ತಲು ಮಾಡಿ. ಮೊಬೈಲಿನಲ್ಲಿ ಬೇಡ, ಆ ಕಣ್ಣುಗಳು ಅಷ್ಟು ಚಿಕ್ಕ ಪರದೆಯಲ್ಲಿ ಕಾಣುವುದಿಲ್ಲ. ಸಂಗೀತ ಹಿಡಿಸದಿದ್ದರೆ ದನಿ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ.

ಒಂದು ವಾರಾಂತ್ಯ ಬಿಡುವಿದ್ದರೆ ನಾನು ಹೇಳುವ ಕ್ರಮ ಇದು. ಶನಿವಾರ ರಾತ್ರಿ ಒಬ್ಬರೇ ‘ದಿ ಮ್ಯಾನ್ ಹೂ ಲಾಫ್ಸ್’. ಭಾನುವಾರ ಮಧ್ಯಾಹ್ನ ಮನೆಮಂದಿ ಜೊತೆ ‘ದಿ ಥೀಫ್ ಆಫ್ ಬಾಗ್ದಾದ್’. ಎರಡರ ಮುಖಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಆಸೆ ಹುಟ್ಟಿದರೆ ಮುಂದಿನ ವಾರ ‘ಸ್ಪೈ ಇನ್ ಬ್ಲ್ಯಾಕ್’, ಆಮೇಲೆ ‘ಕ್ಯಾಲಿಗರಿ’.

‘ಕಾಸಾಬ್ಲಾಂಕಾ’ ಸರದಿ ಬಂದಾಗ ನಾಯಕ ರಿಕ್ಕನ ಹೋಟೆಲಿನ ಪಿಯಾನೋ ದೃಶ್ಯಕ್ಕೆ ಕಾಯಿರಿ. ಸ್ಟ್ರಾಸರ್ ಮತ್ತವನ ಅಧಿಕಾರಿಗಳು ಪಿಯಾನೋ ಸುತ್ತ ನಿಂತು ಜರ್ಮನ್ ದೇಶಭಕ್ತಿ ಗೀತೆ ಹಾಡುತ್ತಾರೆ. ಅದನ್ನು ಮುಳುಗಿಸುವ ಹಾಗೆ ಇಡೀ ಹೋಟೆಲು ಎದ್ದು ಫ್ರಾನ್ಸಿನ ರಾಷ್ಟ್ರಗೀತೆ ಹಾಡುತ್ತದೆ. ಅಲ್ಲಿ ಹಾಡುವವರಲ್ಲಿ ಎಷ್ಟೋ ಜನ ನಿಜವಾಗಿಯೂ ನಾಜಿಗಳಿಂದ ತಪ್ಪಿಸಿಕೊಂಡು ಬಂದ ನಟರು. ಎಲ್ಲರೂ ಆ ಅಳುವ ಮುಖಗಳನ್ನು ನೋಡುತ್ತಾರೆ. ನೀವು ಒಂದು ಸಲ ಸೋತು ಕೈಬಿಡುವ ಸ್ಟ್ರಾಸರ್‌ನ ಮುಖ ನೋಡಿ. ಆ ಸಿನಿಮಾ ಅಮೆರಿಕದೆಲ್ಲೆಡೆ ತೆರೆಕಂಡದ್ದು 1943ರ ಜನವರಿಯಲ್ಲಿ. ಏಪ್ರಿಲ್ 3ರಂದು ಲಾಸ್ ಏಂಜಲೀಸ್‌ನ ಗಾಲ್ಫ್ ಮೈದಾನದಲ್ಲಿ ಆಡುತ್ತಿರುವಾಗ ಫೈಟ್ ಅವರಿಗೆ ಹೃದಯಾಘಾತವಾಯಿತು. ಆಗ ವಯಸ್ಸು 50. ಅವರು ಹೋದ ಮರುವರ್ಷ ‘ಕಾಸಾಬ್ಲಾಂಕಾ’ಗೆ ಅತ್ಯುತ್ತಮ ಸಿನಿಮಾ ಆಸ್ಕರ್ ಬಂತು.